ಕೆಂಪು ಒಂದು ಮೊಳ

ದೋಣಿಗೆ ನೀರುಗೆರೆ ಎಳೆಯುವುದರಲ್ಲಿ ಗೆರೆಯಣ್ಣನನ್ನು ಮೀರಿಸುವವರು ಆ ಬಂದರಿನಲ್ಲಿ ಇರಲಿಲ್ಲ. ಮೀರಿಸುತ್ತೇನೆಂದು ಯಾರಾದರೂ ಮುಂದೆ ಬಂದರೆ ಅವನು ಬಿಡುತ್ತಲೂ ಇರಲಿಲ್ಲ.

ನೀರುಗೆರೆ ಎಂದರೆ ನೋಡುವವರಿಗೆ ದೊಡ್ಡ ವಿಷಯವಲ್ಲ. ಮೀನು ಹಿಡಿಯುವ ದೋಣಿಯ ಹೊಟ್ಟೆಗೆ ಕೆಂಪು ಪೇಂಟು, ಮೇಲಕ್ಕೆ ಮಾಲೀಕನ ಮನಸ್ಸಿಗೆ ಬಂದ ಬಣ್ಣ, ಎರಡರ ನಡುವೆ ನಾಲ್ಕು ಬೆರಳಗಲ ಬಿಳಿ ಪಟ್ಟೆ. ಆ ಪಟ್ಟೆಯೇ ನೀರುಗೆರೆ. ಕೆಂಪು ನೀರಿನೊಳಗೆ ಇರಬೇಕಾದದ್ದು; ಚಿಪ್ಪುಹುಳ ಹತ್ತದಿರಲಿ ಎಂದು ಅದರಲ್ಲಿ ವಿಷ ಬೆರೆಸಿರುತ್ತಾರೆ. ದೋಣಿಯಲ್ಲಿ ಮೀನು ತುಂಬಿದ್ದರೆ ನೀರು ಬಿಳಿ ಪಟ್ಟೆಯ ತನಕ ಬಂದು ನಿಲ್ಲುತ್ತದೆ, ಕೆಂಪು ಕಾಣುವುದೇ ಇಲ್ಲ. ಖಾಲಿಯಾದರೆ ದೋಣಿ ಮೇಲೇಳುತ್ತದೆ, ಕೆಂಪು ಹೊರಗೆ ಬೀಳುತ್ತದೆ. ಇಷ್ಟೇ. ಆದರೆ ದೋಣಿಯ ಮೈ ಗೋಡೆಯ ಹಾಗೆ ಚಪ್ಪಟೆ ಅಲ್ಲ. ಮುಂದೆ ಚೂಪು, ನಡುವೆ ಉಬ್ಬು, ಹಿಂದೆ ಬಾಗು. ಇಂಥ ಮೈಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆಯಬೇಕು. ಉಳಿದವರು ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ಹಿಡಿದು ಮೂವತ್ತು ಕಡೆ ಚುಕ್ಕೆ ಇಟ್ಟು, ಟೇಪು ಅಂಟಿಸಿ, ಅದರ ಮೇಲೆ ಬಣ್ಣ ಹಚ್ಚುತ್ತಿದ್ದರು. ಗೆರೆಯಣ್ಣ ಇಡುತ್ತಿದ್ದುದು ಮೂರೇ ಚುಕ್ಕೆ, ಮುಂದೊಂದು, ನಡುವೊಂದು, ಹಿಂದೊಂದು. ಉಳಿದದ್ದು ಕೈ. ಬ್ರಷ್ ಹಿಡಿದು ಉಸಿರು ಬಿಗಿಹಿಡಿದು ಅವನು ಅಡ್ಡಡ್ಡ ನಡೆಯುತ್ತಾ ಹೋದರೆ ದೋಣಿ ರಿಪೇರಿಯ ದೋಣಿಕಟ್ಟೆಯಲ್ಲಿ ಸುತ್ತಿಗೆಯ ಸದ್ದೂ ನಿಲ್ಲುತ್ತಿತ್ತು. ನಿಲ್ಲದಿದ್ದರೆ ಅವನು ಬೈದು ನಿಲ್ಲಿಸುತ್ತಿದ್ದ.

ಅವನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಹನ್ನೊಂದು ವರ್ಷ ಸಮುದ್ರ. ಬಲೆ ಎಳೆದ, ಐಸು ಒಡೆದ, ಚುಕ್ಕಾಣಿಯನ್ನೂ ಹಿಡಿದ. ಒಂದು ಬಿರುಗಾಳಿಯಲ್ಲಿ ಕಂಬದ ಹಗ್ಗ ಹರಿದು ಬಂದು ಎಡಗಿವಿಗೆ ಬಡಿಯಿತು. ಕಿವಿ ಹೋಯಿತು, ಕಿವಿಯ ಜೊತೆ ಮೈಯ ಸಮತೋಲವೂ ಹೋಯಿತು. ನೆಲದ ಮೇಲೆ ಸರಿಯಾಗಿ ನಡೆಯುವವನು ದೋಣಿ ಹತ್ತಿದರೆ ಕುಡಿದವನ ಹಾಗೆ ತೂರಾಡತೊಡಗಿದ. ಅಲ್ಲಿಗೆ ಸಮುದ್ರದ ಋಣ ಮುಗಿಯಿತು. ದಡಕ್ಕೆ ಎಳೆದು ದಿಮ್ಮಿಗಳ ಮೇಲೆ ಕೂರಿಸಿದ ದೋಣಿಗಳ ಹೊಟ್ಟೆಗೆ ಬಣ್ಣ ಬಳಿಯಲು ಕುಳಿತ. ಇಪ್ಪತ್ತೆರಡು ವರ್ಷವಾಯಿತು.

ಮೂಗಿನ ತುದಿಯಲ್ಲೇ ಕೋಪ ಇರುವ ಮನುಷ್ಯ ಎಂದು ಎಲ್ಲರಿಗೂ ಗೊತ್ತಿತ್ತು. ಕೋಪದ ಹಿಂದೆ ಹೊಟ್ಟೆಕಿಚ್ಚು ಇದೆ ಎಂದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನ ಜೊತೆ ಕೆಲಸ ಮಾಡುವ ಬಡಗಿ, ಇನ್ನೊಬ್ಬಳು ಹೆಂಡತಿ. ಆ ಕಿಚ್ಚು ಯಾರ ಮೇಲೆ ಎಂದರೆ, ಹೆಂಡತಿಯ ತಮ್ಮನ ಮೇಲೆ.

ಭಾಮೈದ ಬೋರ್ಡು ಬರೆಯುವವನು. ಬಸ್ ನಿಲ್ದಾಣದ ಹತ್ತಿರ ಅವನ ಅಂಗಡಿ, ಅಲ್ಲೇ ಹಿಂದಿನ ಕೋಣೆಯಲ್ಲಿ ವಾಸ. ‘ಇಲ್ಲಿ ಉಗುಳಬೇಡಿ’, ‘ಹಲ್ಲು ಕೀಳಲಾಗುವುದು’, ಇಂಥವನ್ನು ಬರೆದು ಬದುಕುವವನು. ಮೆತ್ತಗಿನ ಮಾತು, ತೆಳ್ಳಗಿನ ಕೈ. ಸಮುದ್ರದಿಂದ ಒಂದು ಮೈಲಿಯಲ್ಲಿ ಹುಟ್ಟಿಯೂ ಸಮುದ್ರವೆಂದರೆ ಅವನಿಗಾಗದು. ದಡಕ್ಕೆ ಕಟ್ಟಿದ ದೋಣಿಯಲ್ಲಿ ಒಮ್ಮೆ ಅರ್ಧ ಗಳಿಗೆ ಕುಳಿತು ಮೂರು ದಿನ ವಾಂತಿ ಮಾಡಿಕೊಂಡಿದ್ದ. ದೋಣಿಗಳು ಬಂದು ನಿಲ್ಲುವ ದಕ್ಕೆಯ ಕಡೆಯಿಂದ ಗಾಳಿ ಬೀಸಿದರೂ ಮೂಗಿಗೆ ಬಟ್ಟೆ. ಮೀನುಗಾರಿಕೆಯ ರಜೆಯಲ್ಲಿ, ದೋಣಿಗಳೆಲ್ಲ ದಡದಲ್ಲಿರುವಾಗ ಮಾತ್ರ ಬರುತ್ತಿದ್ದ. ಏಣಿ ಹತ್ತಿ ದೋಣಿಗಳ ಮೂತಿಯ ಮೇಲೆ ಹೆಸರು ಬರೆದು ಹೋಗುತ್ತಿದ್ದ.

ಗೆರೆಯಣ್ಣನಿಗೆ ಉರಿಯುತ್ತಿದ್ದದ್ದು ಅದೇ. ದೋಣಿ ನೀರಿಗಿಳಿದ ದಿನ ಜನ ಬಂದು ನಿಲ್ಲುತ್ತಿದ್ದರು. ಹೆಸರು ಓದುತ್ತಿದ್ದರು. “ಆಹಾ, ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗೆ” ಅನ್ನುತ್ತಿದ್ದರು. ಮೂರು ದಿನ ಮಂಡಿಯೂರಿ ಬಣ್ಣ ಬಳಿದು ಎಳೆದ ಗೆರೆಯನ್ನು ಯಾರೂ ನೋಡುತ್ತಿರಲಿಲ್ಲ. ಅವರ ಕಣ್ಣು ಅಷ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲ.

“ನಿನ್ನ ಗೆರೆ ತಪ್ಪಿದ್ರೆ ಎಲ್ಲರೂ ನೋಡ್ತಾರೆ ಕಣಯ್ಯ. ಸರಿ ಇದೆ, ಅದಕ್ಕೇ ಯಾರೂ ನೋಡಲ್ಲ,” ಎಂದು ಬಡಗಿ ಒಮ್ಮೆ ಸಮಾಧಾನ ಹೇಳಿದ್ದ.

“ಹಾಗಾದ್ರೆ ಒಂದು ಸಲ ವಕ್ರವಾಗಿ ಎಳೀಲಾ?”

“ಎಳಿ. ನಿನ್ನ ಕೈ ಕೇಳುತ್ತಾ ನೋಡು.”

ಕೈ ಕೇಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಹೀಗಿರುವಾಗ ಆ ವರ್ಷದ ರಜೆಯಲ್ಲಿ ಮೀನುಗಾರರ ಸಂಘದವರು ಮೀನು ಹರಾಜು ಶೆಡ್ಡಿನ ನೆಲ ಅಗೆಸಿ ಹೊಸ ಕಲ್ಲು ಹಾಸಿದರು, ಸೋರುವ ಮಾಡು ಬದಲಿಸಿದರು. ಒಳಗಿನ ದೊಡ್ಡ ಗೋಡೆ ಬಿಳಿಯಾಗಿ ಬೋಳಾಗಿ ಉಳಿಯಿತು. ಮೂವತ್ತೈದು ಅಡಿ ಉದ್ದ, ಹತ್ತು ಅಡಿ ಎತ್ತರ. ಸಂಘದ ಕಾರ್ಯದರ್ಶಿಗೆ ಒಂದು ಆಸೆ ಹುಟ್ಟಿತು. ಅಲ್ಲೊಂದು ಸಮುದ್ರ ಬೇಕು. ಸಂಘ ಶುರುವಾದಾಗ ಇದ್ದ ಹನ್ನೊಂದು ದೋಣಿಗಳು ಮೀನು ತುಂಬಿಕೊಂಡು ಬಂದರಿಗೆ ಬರುವ ಚಿತ್ರ.

ಕಾರ್ಯದರ್ಶಿ ನೇರ ದೋಣಿಕಟ್ಟೆಗೆ ಬಂದಾಗ ಗೆರೆಯಣ್ಣ ಬ್ರಷ್ ತೊಳೆಯುತ್ತಿದ್ದ. ಚಿತ್ರದ ಸುದ್ದಿ ಅವನಿಗೂ ಮುಟ್ಟಿತ್ತು. ಸಮುದ್ರದ ಬಣ್ಣ ಬೆಳಿಗ್ಗೆ ಯಾವುದು, ಮಧ್ಯಾಹ್ನ ಯಾವುದು, ಮಳೆಗೆ ಮುಂಚೆ ಯಾವುದು ಎಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೆಯಲು ಬರುತ್ತದೋ ಇಲ್ಲವೋ, ಕೇಳಿದರೆ ಹ್ಞೂಂ ಅಂದುಬಿಡೋಣ ಎಂದುಕೊಂಡ.

“ಗೆರೆಯಣ್ಣ, ನಿಮ್ಮ ಭಾಮೈದ ಇದ್ದಾನಲ್ಲ, ಅವನು ಒಪ್ಕೊಳ್ತಾನಾ? ನೀವೊಂದು ಮಾತು ಹೇಳ್ಬೇಕಲ್ಲ,” ಅಂದರು ಕಾರ್ಯದರ್ಶಿ.

ಗೆರೆಯಣ್ಣ ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದ. “ನೀವೇ ಕೇಳ್ಕೊಳ್ಳಿ. ನಾನೇನು ಅವನ ಪಿ.ಎ.ನಾ?”

ಭಾಮೈದ ಒಪ್ಪಿದ. ಶೆಡ್ಡಿನೊಳಗೆ ಗೋಡೆಗೆ ಅಡ್ಡಲಾಗಿ ಮೇಲಿಂದ ಕೆಳಗಿನವರೆಗೆ ನೀಲಿ ಟಾರ್ಪಾಲು ಇಳಿಬಿಟ್ಟರು. ಉದ್ಘಾಟನೆ ತನಕ ಯಾರೂ ನೋಡಕೂಡದೆಂದು ಕಾರ್ಯದರ್ಶಿಯ ಕಟ್ಟಪ್ಪಣೆ. ಒಬ್ಬಳಿಗೆ ಮಾತ್ರ ಒಳಗೆ ದಾರಿ ಇತ್ತು. ಗೆರೆಯಣ್ಣನ ಹೆಂಡತಿ ದಿನಾ ಮಧ್ಯಾಹ್ನ ತಮ್ಮನಿಗೆ ಬುತ್ತಿ ಒಯ್ಯುತ್ತಿದ್ದಳು.

ಇಪ್ಪತ್ತೆರಡು ವರ್ಷದಲ್ಲಿ ಗಂಡನ ಕೆಲಸ ನೋಡಲು ಅವಳು ಒಂದು ದಿನ ದೋಣಿಕಟ್ಟೆಗೆ ಬಂದಿರಲಿಲ್ಲ. ಕೆಂಪು ಪೇಂಟಿನ ವಾಸನೆಗೆ ತಲೆ ಸುತ್ತುತ್ತದಂತೆ. ತಮ್ಮನ ಪೇಂಟಿಗೆ ವಾಸನೆ ಇಲ್ಲವೇನೋ!

ಒಂದು ದಿನ ಬೆಳಿಗ್ಗೆ ಭಾಮೈದ ನೋಟ್‌ಬುಕ್ಕು ಹಿಡಿದು ದೋಣಿಕಟ್ಟೆಗೆ ಬಂದ. ದಿಮ್ಮಿಗಳ ಮೇಲೆ ನಿಂತ ದೋಣಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

“ಭಾವ, ಒಂದು ಸಂಶಯ. ನಾನು ಇವನ್ನ ದಡದಲ್ಲಿ ನೋಡಿದ್ದೇ ಹೊರತು ತುಂಬಿ ಬರೋದು ನೋಡಿಲ್ಲ. ಫೋಟೋಗಳಲ್ಲೂ ಮೇಲಿನ ಭಾಗವೇ ಇದೆ. ಮೀನು ತುಂಬಿ ಬರುವಾಗ ಈ ಕೆಂಪು ಎಷ್ಟು ಕಾಣುತ್ತೆ?”

ಗೆರೆಯಣ್ಣ ಅವನ ಕೈಯನ್ನು ನೋಡಿದ. ಉಗುರಿನ ಸಂದಿಯಲ್ಲಿ ನೀಲಿ. ನಾಲ್ಕಾರು ಬಗೆಯ ನೀಲಿ. ಮೂವತ್ತು ವರ್ಷ ಸಮುದ್ರವನ್ನು ಮೈಮೇಲೆ ಹಾಕಿಕೊಂಡ ತನ್ನ ಉಗುರಲ್ಲಿ ಇದ್ದುದು ಕೆಂಪು ಒಂದೇ.

ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿ, “ಒಂದು ಮೊಳ,” ಅಂದ.

“ಅಷ್ಟು?”

“ಇಂಜಿನ್ನು ಜೋರಾಗಿ ಎಳೆಯುತ್ತಲ್ಲ, ಭಾರಕ್ಕೆ ಮೂತಿ ಎತ್ತುತ್ತೆ. ಕೆಂಪು ಚೆನ್ನಾಗಿ ಬರ್ಬೇಕು. ಹನ್ನೊಂದಕ್ಕೂ ಹಾಕು.”

ಭಾಮೈದ ‘ಕೆಂಪು ಒಂದು ಮೊಳ’ ಎಂದು ಬರೆದುಕೊಂಡ. “ನೀವಿಲ್ದಿದ್ರೆ ನನ್ನ ಗತಿ ಏನಿತ್ತು ಭಾವ,” ಎಂದು ಹೇಳಿ ಮೂಗಿಗೆ ಬಟ್ಟೆ ಹಿಡಿದುಕೊಂಡು ಹೋದ.

ಅವನು ಮರೆಯಾದ ಮೇಲೆ ಬಡಗಿ ದೋಣಿಯ ಅಡಿಯಿಂದ ತಲೆ ಹೊರಗೆ ಹಾಕಿದ. “ಏನಯ್ಯಾ ಅದು? ತುಂಬಿದ ದೋಣಿಗೆ ಮೊಳದಷ್ಟು ಕೆಂಪು? ಡೀಸೆಲ್ಲು ಮುಗಿದು, ಐಸು ಕರಗಿ, ಒಂದು ಬಾಲವೂ ಸಿಗದೆ ಬಂದ ದೋಣಿ ಹಾಗಿರುತ್ತೆ!”

“ನಿನಗೆ ಗೊತ್ತಲ್ಲ, ಸಾಕು. ಬಾಯಿಗೆ ಮೊಳೆ ಹೊಡ್ಕೋ.”

“ಹನ್ನೊಂದು ದೋಣಿ ಖಾಲಿ ಬರೋ ಚಿತ್ರ ಹರಾಜು ಶೆಡ್ಡಲ್ಲಿ? ಸೀಸನ್ ಶುರುವಿಗೆ? ಅವನನ್ನ ಬಂದರಿಂದ ಓಡಿಸ್ತಾರೆ ಮಾರಾಯ!”

“ಓಡಿಸ್ಲಿ. ಸಮುದ್ರ ಗೊತ್ತಿಲ್ಲದವನು ಸಮುದ್ರ ಬರೆಯೋಕೆ ಹೊರಟ್ರೆ ಮತ್ತಿನ್ನೇನಾಗುತ್ತೆ?”

“ನಿನ್ನ ಹೆಂಡ್ತಿ ತಮ್ಮ ಕಣೋ,” ಎಂದಷ್ಟೇ ಹೇಳಿ ಬಡಗಿ ಮತ್ತೆ ದೋಣಿಯಡಿಗೆ ಹೋದ.

ಅಂದಿನಿಂದ ಗೆರೆಯಣ್ಣನಿಗೆ ಒಂದು ಬಗೆಯ ನೆಮ್ಮದಿ. ಉದ್ಘಾಟನೆಯ ದಿನವನ್ನು ಮನಸ್ಸಿನಲ್ಲೇ ನೂರು ಸಲ ನಡೆಸಿದ. ಟಾರ್ಪಾಲು ಬೀಳುತ್ತದೆ. ಯಾರೋ ನಗುತ್ತಾರೆ. ನಗು ಹಬ್ಬುತ್ತದೆ. ಕಾರ್ಯದರ್ಶಿಯ ಮುಖ ಬೀಳುತ್ತದೆ. ಆಗ ತಾನು ಮುಂದೆ ಹೋಗಿ, “ಛೆ ಛೆ, ಒಂದು ಮಾತು ನನ್ನನ್ನ ಕೇಳಿದ್ರೆ...” ಅನ್ನುವುದು. ಇಲ್ಲಿಗೆ ಬಂದಾಗೆಲ್ಲ ಸ್ವಲ್ಪ ಎಡವುತ್ತಿದ್ದ, ಯಾಕೆಂದರೆ ಭಾಮೈದ ಕೇಳಿದ್ದ. ಆದರೆ ಅವನು ಕೇಳಿದ್ದು ಯಾರಿಗೆ ಗೊತ್ತು?

ಇತ್ತ ಹೆಂಡತಿಯ ನಡವಳಿಕೆ ಬದಲಾಗಿತ್ತು. ಬುತ್ತಿ ಕೊಟ್ಟು ಅರ್ಧ ಗಂಟೆಯಲ್ಲಿ ಬರುತ್ತಿದ್ದವಳು ಈಗ ಎರಡು ಗಂಟೆ ಬಿಟ್ಟು ಬರುತ್ತಿದ್ದಳು. ಒಂದು ದಿನ ಬಂದಾಗ ಕಣ್ಣು ಊದಿತ್ತು.

“ಏನಾಯ್ತು? ತಮ್ಮ ಬೈದ್ನಾ?”

“ಅವನು ಯಾಕೆ ಬೈತಾನೆ? ಅವನೇನು ನೀವಾ?”

“ಮತ್ತೆ ಅಲ್ಲೇನು ಅಷ್ಟು ಹೊತ್ತು?”

“ಚಿತ್ರ ನೋಡ್ತಿದ್ದೆ.”

“ಎರಡು ಗಂಟೆ?”

“ಎರಡು ಗಂಟೆ ಆಯ್ತಾ?” ಅಂದಳು ಅವಳು, ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ. ಬುತ್ತಿಯ ಡಬ್ಬಿ ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ, “ನೀವೇ ನೋಡ್ತೀರಲ್ಲ. ಹೇಳೋಕೆ ನನಗೆ ಬರಲ್ಲ,” ಅಂದಳು.

ಗೆರೆಯಣ್ಣನಿಗೆ ರಾತ್ರಿಯ ಊಟ ಸೇರಲಿಲ್ಲ. ಹೊರಗಿನ ಸಮುದ್ರ ಮನೆಯ ಕಿಟಕಿಯಿಂದಲೇ ಕಾಣುತ್ತಿತ್ತು. ಅದನ್ನು ಇವಳು ಎಂದಾದರೂ ಎರಡು ನಿಮಿಷ ನಿಂತು ನೋಡಿದ್ದುಂಟೇ? ಬಟ್ಟೆ ಒಣಗುತ್ತದೋ ಇಲ್ಲವೋ ನೋಡುವುದಕ್ಕೆ ಬಿಟ್ಟರೆ ಆ ಕಡೆಗೆ ತಲೆ ಎತ್ತಿದವಳಲ್ಲ. ಗೋಡೆಯ ಮೇಲಿನ ಸುಳ್ಳು ಸಮುದ್ರಕ್ಕೆ ಅಳು ಬೇರೆ!

ರಜೆ ಮುಗಿದು ದೋಣಿಗಳು ನೀರಿಗಿಳಿಯುವ ಹಿಂದಿನ ದಿನ ಉದ್ಘಾಟನೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಹತ್ತಕ್ಕೆ ಶೆಡ್ಡು ತುಂಬಿತು. ಮಾಲೀಕರು, ಬಲೆ ಎಳೆಯುವವರು, ಐಸ್ ಕಾರ್ಖಾನೆಯವರು, ಮೀನು ವಿಂಗಡಿಸುವ ಹೆಂಗಸರು. ಹೊಸ ಕಲ್ಲಿನ ನೆಲ ಇನ್ನೂ ಮೀನಿನ ವಾಸನೆ ಕಾಣದೆ ಆಸ್ಪತ್ರೆಯ ಹಾಗಿತ್ತು. ಗೆರೆಯಣ್ಣ ಒಗೆದ ಅಂಗಿ ಹಾಕಿಕೊಂಡು ಬಂದು, ಎಲ್ಲರ ಮುಖ ಕಾಣುವಂತೆ ಪಕ್ಕದ ಕಂಬಕ್ಕೆ ಒರಗಿ ನಿಂತ. ಚಿತ್ರಕ್ಕಿಂತ ಅವನಿಗೆ ಮುಖಗಳು ಬೇಕಾಗಿದ್ದವು.

ಹಗ್ಗ ಎಳೆದರು. ಟಾರ್ಪಾಲು ಕುಸಿದು ಬಿತ್ತು.

ಗೆರೆಯಣ್ಣ ಓರೆಗಣ್ಣಿನಿಂದ ಗೋಡೆ ನೋಡಿದ. ಬೂದಿ ಬೆರೆತ ನೀಲಿಯ ನೀರು, ಮೋಡ ಹರಿಯತೊಡಗಿದ ಆಕಾಶ, ದೂರದಿಂದ ಸಾಲಾಗಿ ಹನ್ನೊಂದು ದೋಣಿ. ಒಂದೊಂದರ ಅಡಿಯಲ್ಲೂ ಮೊಳದಷ್ಟು ಕೆಂಪು. ನೀರಲ್ಲಿ ಆ ಕೆಂಪಿನ ನೆರಳು ನಡುಗುತ್ತಿದ್ದ ಹಾಗೆ ಕಾಣುತ್ತಿತ್ತು. ದರಿದ್ರದವನು ಚೆನ್ನಾಗಿ ಬರೆದಿದ್ದ.

“ಏ, ಎಲ್ಲಾ ಖಾಲಿ ಬರ್ತಿದಾವಲ್ರೋ!” ಎಂದು ಹಿಂದಿನಿಂದ ಒಬ್ಬ ಇಂಜಿನ್ ಡ್ರೈವರ್ ಕೂಗಿದ. ನಾಲ್ಕು ಜನ ನಕ್ಕರು. ಗೆರೆಯಣ್ಣನ ಎದೆ ತಂಪಾಯಿತು. ಅವನೂ ನಗಲು ಬಾಯಿ ತೆರೆದ.

ಅಷ್ಟರಲ್ಲಿ ಮೀನು ವಿಂಗಡಿಸುವವರ ಗುಂಪಿನಿಂದ ಮುದುಕಿಯೊಬ್ಬಳು ಮುಂದೆ ಬಂದಳು. ಬುಟ್ಟಿಯಜ್ಜಿ ಎಂದರೆ ಬಂದರಿಗೆಲ್ಲ ಗೊತ್ತು. ಮೀನಿನ ಬುಟ್ಟಿ ಹೊತ್ತೂ ಹೊತ್ತೂ ಕುತ್ತಿಗೆ ಒಂದು ಕಡೆ ವಾಲಿದವಳು.

“ಯಾವನೋ ಅವನು ನಕ್ಕಿದ್ದು? ಆವತ್ತು ನೀನು ಹುಟ್ಟಿದ್ಯೇನೋ? ಇದೇ ಹನ್ನೊಂದು ದೋಣಿ ಸಿಕ್ಕಿಕೊಂಡ ಬಿರುಗಾಳಿ ದಿನ ಕಣೋ ಇದು!”

ಅಜ್ಜಿ ಗೋಡೆಯ ಹತ್ತಿರ ಹೋಗಿ ಬೆರಳಿಂದ ಒಂದೊಂದೇ ದೋಣಿ ಮುಟ್ಟತೊಡಗಿದಳು. “ಎರಡು ದಿನ ಎರಡು ರಾತ್ರಿ ದಕ್ಕೆ ಮೇಲೆ ಕೂತಿದ್ವಿ. ಬರುತ್ವೋ ಇಲ್ವೋ ಅಂತ. ಮಂಜಲ್ಲಿ ದೋಣಿ ಕಾಣ್ತಿರ್ಲಿಲ್ಲ. ಮೊದಲು ಕಂಡಿದ್ದು ಈ ಕೆಂಪು. ಹಿಡಿದ ಮೀನೆಲ್ಲ ಸಮುದ್ರಕ್ಕೆ ಎಸೆದು, ಭಾರ ಇಳಿಸ್ಕೊಂಡು ಜೀವ ಉಳಿಸ್ಕೊಂಡು ಬರ್ತಿದ್ರು. ಒಂದು ಕೆಂಪು, ಎರಡು ಕೆಂಪು... ನಾವು ಎಣಿಸ್ತಾನೇ ಅತ್ವಿ. ಖಾಲಿ ಬಂದ್ರು ಅಂತ ಅಳಲಿಲ್ಲ ಕಣ್ರೋ. ಬಂದ್ರು ಅಂತ ಅತ್ವಿ.”

ಹೆಂಗಸರೆಲ್ಲ ಗೋಡೆಗೆ ಮುತ್ತಿಕೊಂಡರು. “ಇದು ನಮ್ಮ ಯಜಮಾನ್ರಿದ್ದದ್ದು.” “ಅದು ನಮ್ಮಪ್ಪನದು.” “ಆರನೇದು ಬಂದಾಗ ನಾನು ನೀರಿಗೇ ಇಳಿದಿದ್ದೆ.” ಗಂಡಸರು ಹಿಂದೆ ಉಳಿದು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹಲವರು ಆ ದೋಣಿಗಳಲ್ಲೇ ಇದ್ದವರು. ಅವರಿಗೆ ಗಾಳಿ ಗೊತ್ತಿತ್ತು, ಅಲೆ ಗೊತ್ತಿತ್ತು, ಎರಡೂ ಕೈಯಲ್ಲಿ ಮೀನು ಬಾಚಿ ಎಸೆದದ್ದು ಗೊತ್ತಿತ್ತು. ದೋಣಿಯೊಳಗೆ ಕುಳಿತವನಿಗೆ ತನ್ನ ದೋಣಿಯ ಕೆಂಪು ಹೇಗೆ ಕಂಡೀತು?

ಗೆರೆಯಣ್ಣ ಕಂಬ ಬಿಟ್ಟು ನೆಟ್ಟಗೆ ನಿಂತ. ಆ ಹನ್ನೊಂದರಲ್ಲಿ ಏಳನೆಯದರಲ್ಲಿ ಅವನಿದ್ದ, ಕಿವಿಯಿಂದ ರಕ್ತ ಸುರಿಸುತ್ತಾ ಅಡಿಹಲಗೆಯ ಮೇಲೆ ಬಿದ್ದುಕೊಂಡು. ಆಗ ಮದುವೆಯಾಗಿ ನಾಲ್ಕು ತಿಂಗಳು. ಕಣ್ಣು ಬಿಟ್ಟಾಗ ದಕ್ಕೆಯ ಮೇಲಿದ್ದ, ಹೆಂಡತಿ ಅವನ ತಲೆ ಹಿಡಿದುಕೊಂಡಿದ್ದಳು. ಅದಕ್ಕೆ ಮೊದಲು ಅವಳು ಏನು ನೋಡಿದಳೆಂದು ಇಪ್ಪತ್ತೆರಡು ವರ್ಷದಲ್ಲಿ ಅವನು ಕೇಳಿರಲಿಲ್ಲ. ತಿರುಗಿ ನೋಡಿದರೆ ಅವಳು ಏಳನೇ ದೋಣಿಯ ಮುಂದೆ ನಿಂತಿದ್ದಳು.

ಅವನಿಗೆ ಕಣ್ಣು ತುಂಬಬೇಕಿತ್ತು. ತುಂಬಿದ್ದು ಹೊಟ್ಟೆಯ ಉರಿ. ಯಾಕೆಂದರೆ ಅಷ್ಟರಲ್ಲಿ ಬುಟ್ಟಿಯಜ್ಜಿ ಭಾಮೈದನ ಎರಡೂ ಕೈ ಹಿಡಿದುಕೊಂಡು, “ಕಣ್ಣಾರೆ ಕಂಡವರ ಹಾಗೆ ಬರೆದಿದ್ಯಲ್ಲಪ್ಪಾ, ಈ ಕೈ ಬಂಗಾರ,” ಅನ್ನುತ್ತಿದ್ದಳು. ಭಾಮೈದ ಕಕ್ಕಾಬಿಕ್ಕಿಯಾಗಿ, “ಅಲ್ಲ ಅಜ್ಜಿ, ನನಗೆ ಗೊತ್ತಿರ್ಲಿಲ್ಲ, ನಾನು ಕೇಳ್ದೆ, ಅದು...” ಎಂದು ತೊದಲುತ್ತಿದ್ದ. ಯಾರೂ ಕಿವಿಗೊಡಲಿಲ್ಲ. ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಅವನ ಭುಜ ತಟ್ಟಿದರು. ತಾನು ಕಟ್ಟಿದ ಸುಳ್ಳಿಗೆ ಅವನು ಚಪ್ಪಾಳೆ ತಗೊಳ್ಳುವುದೇ?

“ಆ ಕೆಂಪು ನಂದು!”

ಶೆಡ್ಡೆಲ್ಲ ತಿರುಗಿತು. ಗೆರೆಯಣ್ಣ ಜನರನ್ನು ತಳ್ಳಿಕೊಂಡು ಮುಂದೆ ಬಂದಿದ್ದ. ಕುತ್ತಿಗೆಯ ನರ ಉಬ್ಬಿತ್ತು. “ಅವನಿಗೇನು ಗೊತ್ತು? ದಕ್ಕೆಗೆ ಬಂದ್ರೆ ವಾಂತಿ ಮಾಡೋನು! ಒಂದು ಮೊಳ ಕೆಂಪು ಅಂತ ಹೇಳಿಕೊಟ್ಟಿದ್ದು ನಾನು. ಬೇಕಾದ್ರೆ ಕೇಳಿ!”

“ಹೌದು, ಭಾವನೇ ಹೇಳಿದ್ದು,” ಅಂದ ಭಾಮೈದ ಮುಖ ಅರಳಿಸಿ. “ಅದನ್ನೇ ನಾನೂ ಹೇಳೋಕೆ ನೋಡ್ತಿದ್ದೆ.”

ಕಾರ್ಯದರ್ಶಿ ಗೆರೆಯಣ್ಣನ ಕೈ ಹಿಡಿದರು. ಅವರ ದನಿ ಗದ್ಗದವಾಗಿತ್ತು. “ನಾನು ತುಂಬಿದ ದೋಣಿ ಬರೀಲಿ ಅಂದಿದ್ದೆ. ನೀವು ಈ ದಿನವನ್ನ ಬರೆಸಿದ್ರಿ. ಬೇಕಂತಲೇ ಹೇಳಿದ್ದಲ್ವಾ ಗೆರೆಯಣ್ಣ?”

ಬೇಕಂತಲೇ. ಆ ಮಾತು ನಿಜವೇ ಆಗಿತ್ತು. ಕಂಬದ ಹತ್ತಿರ ಬಡಗಿ ಕೆಮ್ಮಿದ. ಹೆಂಡತಿ ಅವನನ್ನೇ ನೋಡುತ್ತಿದ್ದಳು, ಮದುವೆಯಾದ ಹೊಸದರಲ್ಲೂ ಹಾಗೆ ನೋಡಿರಲಿಲ್ಲ.

“ಹ್ಞೂಂ,” ಅಂದ ಗೆರೆಯಣ್ಣ.

ಆಮೇಲಿನ ಚಪ್ಪಾಳೆ ಭಾಮೈದನಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಬೆನ್ನು ತಟ್ಟುವವರು, ಟೀ ತಂದುಕೊಡುವವರು. ನಕ್ಕಿದ್ದ ಡ್ರೈವರ್ ಕೂಡ ಬಂದು, “ತಪ್ಪಾಯ್ತಣ್ಣ,” ಅಂದ. ಜೀವಮಾನದಲ್ಲಿ ಬಯಸಿದ್ದು ಅರ್ಧ ಗಂಟೆಯಲ್ಲಿ ಅವನ ಮೈಮೇಲೆ ಸುರಿಯಿತು.

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ತಟ್ಟೆ ಹಾಕಿದಳು. ಎಂದೂ ಇಲ್ಲದೆ ಎದುರಿಗೆ ಕುಳಿತಳು.

“ನಾನು ಏಳರ ತನಕ ಎಣಿಸಿದ್ದೆ,” ಅಂದಳು. “ಎಂಟನೇದು ನನಗೆ ಬೇಕಿರ್ಲಿಲ್ಲ. ಏಳನೇದ್ರಲ್ಲಿ ನೀವಿದ್ದೀರಿ ಅಂತ ಮಂಜಲ್ಲಿ ಮೊದಲು ಗೊತ್ತಾಗ್ಲಿಲ್ಲ. ಏಳು ಬಂದಾಗ ಕೂಗು ಬಂತು, ಬಾ, ನಿನ್ನ ಗಂಡ ಇದ್ರಲ್ಲಿದ್ದಾನೆ ಅಂತ ನನ್ನ ಹೆಸರು ಹಿಡಿದು ಯಾರೋ ಕೂಗಿದ್ರು. ಆಮೇಲೆ ಸಮುದ್ರ ನೋಡೋಕೆ ನನಗೆ ಆಗ್ಲೇ ಇಲ್ಲ. ಆ ಕೆಂಪು ಪೇಂಟಿನ ವಾಸನೆ ಬಂದ್ರೆ ಕೈಕಾಲು ತಣ್ಣಗಾಗುತ್ತೆ. ಇದನ್ನೆಲ್ಲ ನಿಮಗೆ ಹೇಳಿಲ್ಲ. ನಿಮಗದು ಗೊತ್ತೇ ಇಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ರಲ್ಲ ನೀವು.”

ಗೆರೆಯಣ್ಣ ತುತ್ತು ಕಲಸುತ್ತಾ ಕುಳಿತ. ಅವಳು ಅವನ ಮುಖವನ್ನು ನೋಡುತ್ತಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಅವನನ್ನಲ್ಲ. ಹೆಂಡತಿಯ ಭಯವನ್ನು ಹೇಳದೆಯೇ ತಿಳಿದುಕೊಂಡ, ಅದನ್ನು ಇಪ್ಪತ್ತೆರಡು ವರ್ಷ ಎದೆಯಲ್ಲಿಟ್ಟುಕೊಂಡ, ಭಾಮೈದನ ಕೈಯಲ್ಲಿ ಗೋಡೆಯ ಮೇಲೆ ಬರೆಸಿದ ಯಾವನೋ ಒಬ್ಬ ಒಳ್ಳೆಯವನನ್ನು. ಅವನು ಈ ಮನೆಯಲ್ಲಿ, ಈ ತಟ್ಟೆಯ ಮುಂದೆ, ಗೆರೆಯಣ್ಣನ ಅಂಗಿ ಹಾಕಿಕೊಂಡು ಕುಳಿತಿದ್ದ. ಭಾಮೈದನ ಮೇಲಾದರೂ ಹಲ್ಲು ಕಡಿಯಬಹುದಿತ್ತು. ಈ ಒಳ್ಳೆಯವನ ಮೇಲೆ ಏನು ಮಾಡುವುದು? ನಾಳೆಯೂ ಇವಳು ಅವನಿಗೇ ಬಡಿಸುತ್ತಾಳೆ, ನಾಡಿದ್ದೂ. ತಾನು ಪಕ್ಕದಲ್ಲಿ ನಿಂತು ನೋಡುವುದು!

ತಟ್ಟೆ ದೂಡಿ ಎದ್ದುಬಿಟ್ಟ.

“ನನಗೇನೂ ಗೊತ್ತಿರ್ಲಿಲ್ಲ ಕಣೇ! ಸುಳ್ಳು ಹೇಳ್ದೆ. ಅವನನ್ನ ನೋಡಿ ಬಂದರೆಲ್ಲ ನಗ್ಲಿ ಅಂತ ಸುಳ್ಳು ಹೇಳಿಕೊಟ್ಟೆ. ಖಾಲಿ ದೋಣಿ ಬರೆದ ಪೆದ್ದ ಅನ್ಲಿ ಅಂತ! ಸಾಕಾ? ಗೊತ್ತಾಯ್ತಾ ಈಗ ನಾನು ಯಾರು ಅಂತ?”

ಹೆಂಡತಿ ಕುಳಿತಲ್ಲಿಂದಲೇ ಕೇಳಿದಳು, “ಯಾರ್ಯಾರಿಗೆ ಗೊತ್ತು?”

“ಬಡಗಿಗೆ.”

“ನನ್ನ ತಮ್ಮಂಗೆ?”

“ಇಲ್ಲ.”

ಅವಳು ಅವನ ತಟ್ಟೆ ಎತ್ತಿ ತನ್ನ ತಟ್ಟೆಯ ಮೇಲಿಟ್ಟಳು. “ಒಂದು ಗಳಿಗೆ ಸುಖವಾಗಿದ್ದೆ. ಅದನ್ನೂ ಸಹಿಸೋಕಾಗ್ಲಿಲ್ಲ ನಿಮಗೆ,” ಅಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅವನಿಗೆ ನಾನು ಹೇಳಲ್ಲ. ನೀವೇ ಹೋಗಿ ಹೇಳ್ಬೇಕು. ಹೇಳೋ ತನಕ ನಿಮ್ಮ ಊಟ ನೀವೇ ಬಡಿಸ್ಕೊಳ್ಳಿ.”

ನಾಲ್ಕು ದಿನ ಅವನು ತಾನೇ ಬಡಿಸಿಕೊಂಡ. ಐದನೇ ದಿನ ಬಸ್ ನಿಲ್ದಾಣದ ಅಂಗಡಿಗೆ ಹೋದ. ಭಾಮೈದ ‘ಕೊಡೆ ರಿಪೇರಿ’ ಎಂದು ಬರೆಯುತ್ತಿದ್ದ. ಗೆರೆಯಣ್ಣ ನಿಂತುಕೊಂಡೇ, ಒಂದೇ ಉಸಿರಿನಲ್ಲಿ, ಜಗಳಕ್ಕೆ ಬಂದವನ ದನಿಯಲ್ಲಿ ಎಲ್ಲ ಹೇಳಿದ. ಭಾಮೈದ ಬ್ರಷ್ ಎತ್ತಲಿಲ್ಲ, ಅಕ್ಷರದ ಕೊಂಬು ಇಳಿದು ಇಳಿದು ಹಲಗೆಯ ಅಂಚಿಗೆ ಹೋಯಿತು.

“ಅಕ್ಕ ಹೇಳಿಸಿದ್ದಾ?”

“ಹೇಳು ಅಂದ್ಲು. ಹೇಳ್ತಿರೋದು ನಾನು.”

“ನಾನೇನು ಮಾಡಿದ್ದೆ ಭಾವ ನಿಮಗೆ?”

ಭಾಮೈದ ಮಾಡಿದ್ದೇನೂ ಇಲ್ಲ. ಚೆನ್ನಾಗಿ ಬರೆದಿದ್ದ, ಅಷ್ಟೇ.

“ನೀವು ಈಗ ಹೋಗಿ,” ಅಂದ ಭಾಮೈದ.

ಮಾರನೇ ದಿನ ಅವನು ಪೇಂಟಿನ ಡಬ್ಬಿ ಹಿಡಿದು ಹರಾಜು ಶೆಡ್ಡಿಗೆ ಹೋಗಿದ್ದನಂತೆ, ಕೆಂಪನ್ನೆಲ್ಲ ಮುಚ್ಚಿಬಿಡುತ್ತೇನೆಂದು. ಬುಟ್ಟಿಯಜ್ಜಿ ಗೋಡೆಗೆ ಬೆನ್ನು ಕೊಟ್ಟು ನಿಂತಳಂತೆ. ಭಾಮೈದ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. “ಅವನು ಸುಳ್ಳು ಹೇಳಿದ್ರೆ ಅದು ಅವನ ಹಣೆಬರಹ. ನಾವು ನೋಡಿದ್ದು ಸುಳ್ಳಾ? ಮುಟ್ಟಿದ್ರೆ ಕೈ ಮುರೀತೀನಿ,” ಅಂದಳಂತೆ ಅಜ್ಜಿ. ಹೀಗೆ ಬಂದರಿಗೆಲ್ಲ ವಿಷಯ ಗೊತ್ತಾಯಿತು. ಬೆನ್ನು ತಟ್ಟಿದವರು ಈಗ ಗೆರೆಯಣ್ಣನನ್ನು ಕಂಡರೆ ಮೊಣಕೈ ತೋರಿಸಿ, “ಇವತ್ತು ಎಷ್ಟು ಮೊಳ ಅಣ್ಣ?” ಅನ್ನುತ್ತಿದ್ದರು. ಅವನು ಬೈಯುತ್ತಿದ್ದ, ಆದರೆ ಮೊದಲಿನ ಖಾರ ಇರಲಿಲ್ಲ. ಮನೆಯಲ್ಲಿ ಹೆಂಡತಿ ಮತ್ತೆ ಬಡಿಸತೊಡಗಿದಳು. ಮಾತು ಮಾತ್ರ ಲೆಕ್ಕ ಹಾಕಿದ ಹಾಗೆ ಬರುತ್ತಿತ್ತು.

ಎರಡು ತಿಂಗಳು ಕಳೆಯಿತು. ಅಡಿ ಸೋರುತ್ತದೆಂದು ಒಂದು ದೋಣಿಯನ್ನು ಸೀಸನ್ ನಡುವೆಯೇ ದಡಕ್ಕೆ ಎಳೆದಿದ್ದರು. ಬಡಗಿ ಹಲಗೆ ಬದಲಿಸಿ ಮುಗಿಸಿದ್ದ, ಕೆಂಪು ಬಳಿದು ಒಣಗಿತ್ತು. ಗೆರೆಯಣ್ಣ ಮೂರು ಚುಕ್ಕೆ ಇಟ್ಟು ಬಿಳಿ ಪೇಂಟು ಕಲಕುತ್ತಿದ್ದಾಗ ಭಾಮೈದ ಬಂದು ಪಕ್ಕದಲ್ಲಿ ನಿಂತ. ಮೂಗಿಗೆ ಬಟ್ಟೆ ಇರಲಿಲ್ಲ. ಮುಖ ಸಪ್ಪೆಯಾಗಿತ್ತು, ವಾಂತಿ ತಡೆದುಕೊಂಡವನ ಹಾಗೆ.

“ಮೂರು ದಿನ ಬೆಳಿಗ್ಗೆ ದಕ್ಕೆಗೆ ಹೋಗಿದ್ದೆ,” ಅಂದ. “ತುಂಬಿ ಬಂದಿದ್ದನ್ನೂ ನೋಡ್ದೆ, ಖಾಲಿ ಬಂದಿದ್ದನ್ನೂ ನೋಡ್ದೆ. ಇನ್ನು ಯಾರನ್ನೂ ಕೇಳೋದು ಬೇಡ ಅಂತ.”

“ಹ್ಞೂಂ.”

“ಗೆರೆ ಮಾತ್ರ ನೋಡಿದ್ರೆ ಗೊತ್ತಾಗಲ್ಲ. ಎಳೆದೇ ನೋಡ್ಬೇಕು. ಬ್ರಷ್ ಕೊಡಿ.”

ದೋಣಿಯಡಿಯಲ್ಲಿ ದಿಮ್ಮಿಯ ಬೆಣೆ ಬಡಿಯುತ್ತಿದ್ದ ಬಡಗಿಯ ಸುತ್ತಿಗೆ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಗೆರೆಯಣ್ಣನ ಬ್ರಷ್ಷನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ. ಅವನು ಬ್ರಷ್ಷಿನ ಹಿಡಿಯನ್ನು ಪ್ಯಾಂಟಿಗೆ ಒರೆಸಿದ, ಮತ್ತೊಮ್ಮೆ ಒರೆಸಿದ, ಆಮೇಲೆ ಕೊಟ್ಟ.

“ಉಸಿರು ಹಿಡಿ. ಕೈ ಆಡಿಸ್ಬೇಡ, ಮೈಯನ್ನೇ ನಡೆಸು. ಗೋಡೆ ಅಂದ್ಕೋಬೇಡ, ಉಬ್ಬು ಬಂದಾಗ ಕಣ್ಣು ಮೋಸ ಮಾಡುತ್ತೆ.”

ಭಾಮೈದ ಎಳೆದ. ನಡುಚುಕ್ಕೆ ದಾಟುತ್ತಲೇ ಗೆರೆ ಒಂದು ಬೆರಳು ಕೆಳಗಿಳಿಯಿತು. ಗೆರೆಯಣ್ಣನ ಎದೆಯಲ್ಲಿ ಎರಡು ತಿಂಗಳ ಮೇಲೆ ತಂಗಾಳಿ ಆಡಿತು. ಸೀಮೆಎಣ್ಣೆಯ ಬಟ್ಟೆಯಿಂದ ಅದನ್ನು ಒರೆಸುತ್ತಾ, “ಹೋಗ್ಲಿ ಬಿಡು, ಎಲ್ಲರಿಗೂ ಬರುತ್ತಾ ಇದು,” ಅಂದ, ಮುಖದ ಮೇಲಿನ ನಗುವನ್ನು ಮುಚ್ಚಿಕೊಳ್ಳಲಾರದೆ.

ಎರಡನೇ ಸಲ ಅರ್ಧ ಬೆರಳು ತಪ್ಪಿತು. ಅದನ್ನೂ ಒರೆಸಿದ.

ಮೂರನೇ ಸಲ ಭಾಮೈದ ತುಟಿ ಕಚ್ಚಿಕೊಂಡು ಮೂತಿಯಿಂದ ಹಿಂಬದಿಯವರೆಗೆ ಅಡ್ಡಡ್ಡ ನಡೆದ. ಗೆರೆಯಣ್ಣ ಹಿಂದೆ ಸರಿದು ನೋಡಿದ. ಬಗ್ಗಿ ನೋಡಿದ. ನೆಲಕ್ಕೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ಆ ತುದಿಯಿಂದ ಈ ತುದಿಗೆ ನೋಡಿದ. ಕೂದಲೆಳೆಯಷ್ಟಾದರೂ ಎಲ್ಲಾದರೂ ಎಂದು ಹುಡುಕಿದ. ಎಲ್ಲೂ ಇರಲಿಲ್ಲ.

“ಹೇಗಿದೆ ಭಾವ? ನಿಜ ಹೇಳಿ.”

ದೋಣಿಯಡಿಯಿಂದ ಬಡಗಿ ತಲೆ ಹೊರಗೆ ಹಾಕಿ ಕಾದಿದ್ದ. ಗೆರೆಯಣ್ಣ ಎದ್ದು ಕೆನ್ನೆಯ ಮರಳು ಕೊಡವಿಕೊಂಡ.

“ಸರಿ ಇದೆ,” ಅಂದ. ಅಂದು, ಬ್ರಷ್ ವಾಪಸ್ಸು ತೆಗೆದುಕೊಂಡು ದೋಣಿಯ ಆಚೆ ಮಗ್ಗುಲಿಗೆ ಹೋದ. ಆ ಕಡೆಯ ಗೆರೆಯನ್ನು ತಾನೇ ಎಳೆಯಬೇಕಿತ್ತು, ಇದಕ್ಕಿಂತ ಚೆನ್ನಾಗಿ.